ಮೆಣಸಿನ ಕಾಳಿನ ಪರದೇಶಿ ಹೆಸರು

ಚೀನಾದ ಝೆಂಗ್‌ಝೌ ನಗರಕ್ಕೆ ಕೆಲಸಕ್ಕೆಂದು ಹೋದ ಮೊದಲ ಚಳಿಗಾಲ. ಬೆಳಿಗ್ಗೆ ಆರೂವರೆಯಾದರೂ ಬೀದಿದೀಪ ಆರಿರಲಿಲ್ಲ. ನಾವಿದ್ದ ಕಟ್ಟಡದ ಗೇಟಿನ ಪಕ್ಕ ಗಂಡ ಹೆಂಡತಿ ಇಬ್ಬರು ಮೂರು ಗಾಲಿಯ ಗಾಡಿ ನಿಲ್ಲಿಸಿಕೊಂಡು ದೊಡ್ಡದೊಂದು ಹಂಡೆಯಿಂದ ಸಾರು ಬಡಿಸುತ್ತಿದ್ದರು. ಬಿಸಿ ಆರದಿರಲಿ ಎಂದು ಹಂಡೆಗೆ ಹಳೆಯ ರಜಾಯಿ ಸುತ್ತಿದ್ದರು. ಸಾಲಿನಲ್ಲಿ ನಿಂತವರ ಬಾಯಿಂದಲೂ ಹಂಡೆಯಿಂದಲೂ ಒಂದೇ ಥರದ ಹಬೆ ಏಳುತ್ತಿತ್ತು. ನಾನೂ ನಿಂತೆ. ಮಾಂಸ ಹಾಕದ್ದು ಇದೆಯೇ ಎಂದು ಹರಕುಮುರುಕು ಚೀನೀ ಭಾಷೆಯಲ್ಲಿ ಕೇಳಿದೆ. ಆಕೆ ತಲೆಯಾಡಿಸಿ, ಪಕ್ಕದ ಚಿಕ್ಕ ಪಾತ್ರೆಯಿಂದ ಒಂದು ಬಟ್ಟಲು ತುಂಬಿಕೊಟ್ಟರು. ಕಂದು ಬಣ್ಣದ, ಗಂಜಿಯಂತೆ ಮಂದವಾದ ಸಾರು. ಒಳಗೆ ಗೋಧಿಹಿಟ್ಟು ತೊಳೆದು ತೆಗೆದ ಅಂಟಿನ ಚೂರುಗಳು, ಶಾವಿಗೆಯಂಥ ಎಳೆಗಳು, ಕಪ್ಪು ಅಣಬೆ. ಮೇಲೆ ಒಂದು ಚಮಚ ವಿನೆಗರ್, ಎರಡು ಹನಿ ಎಳ್ಳೆಣ್ಣೆ.

ಮೊದಲ ಗುಟುಕಿಗೇ ನನ್ನ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಆಗಿದ್ದರೆ ನಾಲಿಗೆಯ ತುದಿ ಸುಡಬೇಕಿತ್ತು. ಇದು ಗಂಟಲ ಹಿಂದಕ್ಕೆ ಇಳಿದು, ಅಲ್ಲಿಂದ ಮೂಗಿಗೆ ಏರಿ, ಕಿವಿ ಬೆಚ್ಚಗೆ ಮಾಡುವ ಖಾರ. ನೆಗಡಿಯಾದಾಗ ಆಯಿ ಮಾಡಿಕೊಡುತ್ತಿದ್ದ ಕಾಳುಮೆಣಸಿನ ಸಾರಿನ ಖಾರ. (ನಮ್ಮ ಶಿರಸಿ ಕಡೆಯ ಮನೆಗಳಲ್ಲಿ ಅಮ್ಮನನ್ನು ಆಯಿ ಎನ್ನುತ್ತೇವೆ. ಈ ಮಾತು ಮುಂದೆಯೂ ಬರುತ್ತದೆ.) ನಾನು ಹುಟ್ಟಿದ್ದು ಅಡಿಕೆ ತೋಟದ ನಡುವೆ. ನಾನು ಶಾಲೆಗೆ ಹೋಗುವ ಮೊದಲೇ ಒಂದೊಂದು ಮರಕ್ಕೂ ಒಂದೊಂದು ಮೆಣಸಿನ ಬಳ್ಳಿ ಹಬ್ಬಿತ್ತು. ಆ ಬಳ್ಳಿಯ ರುಚಿ ಇಷ್ಟು ದೂರದಲ್ಲಿ, ಗುರುತಿಲ್ಲದ ಒಂದು ಬಟ್ಟಲಲ್ಲಿ ಸಿಕ್ಕಿತ್ತು.

ಗಾಡಿಯ ಕೆಂಪು ಹಲಗೆಯ ಮೇಲೆ ಮೂರು ಅಕ್ಷರ: ಹೂ-ಲಾ-ಥಾಂಗ್. ಥಾಂಗ್ ಎಂದರೆ ಸಾರು, ಲಾ ಎಂದರೆ ಖಾರ; ಅಷ್ಟು ಗೊತ್ತಿತ್ತು. ಹೂ ಎಂದರೆ ಏನು ಎಂದು ಆಕೆಯನ್ನು ಕೇಳಿದೆ. “ಹೂಜಿಯಾವ್ ಇದೆಯಲ್ಲ, ಅದರ ಹೂ” ಎಂದರು. ಹೂಜಿಯಾವ್ ಎಂದರೆ ಕಾಳುಮೆಣಸು. ಸಂಜೆ ಕೋಣೆಗೆ ಬಂದು ನಿಘಂಟು ತೆಗೆದೆ. ಹೂ: ಉತ್ತರದ ಮತ್ತು ಪಶ್ಚಿಮದ ಪರಕೀಯ ಜನರಿಗೆ ಪ್ರಾಚೀನ ಕಾಲದಲ್ಲಿದ್ದ ಹೆಸರು. ಮೆಣಸು ಅಲ್ಲಿ ‘ಪರದೇಶಿ ಜಿಯಾವ್’. ನಮ್ಮ ತೋಟದ ಕಾಳಿಗೆ ಇಂಥ ಹೆಸರೇ ಎಂದು ಆ ರಾತ್ರಿ ಬಹಳ ಹೊತ್ತು ಕೂತಿದ್ದೆ. ಕನ್ನಡದಲ್ಲಿ ಪರದೇಶಿ ಎಂದರೆ ಬೇರೆ ದೇಶದವನು ಮಾತ್ರ ಅಲ್ಲವಲ್ಲ. ದಿಕ್ಕಿಲ್ಲದವನೂ ಪರದೇಶಿಯೇ. ಅಪ್ಪ ಅಮ್ಮ ಸತ್ತ ಮಗುವನ್ನು ನಮ್ಮೂರಲ್ಲಿ “ಪರದೇಶಿ ಆಗೋತು” ಎಂದು ಮರುಗುತ್ತಾರೆ.

ಅಂದಿನಿಂದ ಆ ಒಂದು ಅಕ್ಷರದ ಬೆನ್ನು ಬಿದ್ದೆ.

ಹೂ ಬರೆಯಲು ಒಂಬತ್ತು ಗೆರೆ ಬೇಕು. ಎಡಗಡೆ ಕೂಡಿಸುವ ಚಿಹ್ನೆಯಂಥ ಎರಡು ಗೆರೆ, ಅದರಡಿ ಒಂದು ಚೌಕ. ಈ ಭಾಗವನ್ನು ಪ್ರತ್ಯೇಕ ಓದಿದರೆ ‘ಹಳೆಯದು’ ಎಂದರ್ಥ. ಇಲ್ಲಿ ಅದು ಉಚ್ಚಾರ ಸೂಚಿಸಲು ಇದೆ. ಬಲಗಡೆಯದು ನೋಡಲು ಚಂದ್ರನ ಅಕ್ಷರದಂತಿದ್ದರೂ ನಿಜವಾಗಿ ಮಾಂಸದ ಗುರುತು. ಪರದೇಶದವನಿಗೂ ಮಾಂಸಕ್ಕೂ ಏನು ಸಂಬಂಧ? ಕ್ರಿ.ಶ. 100ರ ಸುಮಾರಿಗೆ ಶೂ ಶೆನ್ ಎಂಬ ಪಂಡಿತ ರಚಿಸಿದ ‘ಶುವೋವೆನ್ ಜಿಯೆಝಿ’ ಎಂಬ ನಿಘಂಟಿನಲ್ಲಿ ಉತ್ತರ ಸಿಕ್ಕಿತು. ಅಲ್ಲಿ ಹೂ ಎಂದರೆ ಎತ್ತಿನ ಗದ್ದದಡಿ ಜೋಲುವ ತೊಗಲು.

ನಮ್ಮಲ್ಲಿ ಅದಕ್ಕೊಂದು ಹೆಸರಿದೆ: ಗಂಗೆದೊಗಲು. ಎಷ್ಟೋ ವರ್ಷದಿಂದ ಬಾಯಿಗೆ ಬಾರದಿದ್ದ ಆ ಪದ ಚೀನೀ ನಿಘಂಟು ಓದುವಾಗ ತಾನಾಗಿ ಬಂತು. ಕೊಟ್ಟಿಗೆಯ ಆಕಳಿಗೆ ಗಂಗೆದೊಗಲಿನ ಮೇಲೆ ಕೈಯಾಡಿಸಿದರೆ ಕುತ್ತಿಗೆ ನೀಳವಾಗಿ ಚಾಚಿ, ಕಣ್ಣು ಅರ್ಧ ಮುಚ್ಚಿ ನಿಲ್ಲುತ್ತದೆ. ಕೈ ತೆಗೆದರೆ ಮೂತಿಯಿಂದ ನೂಕಿ ಮತ್ತೆ ಕೇಳುತ್ತದೆ. ಮೆತ್ತಗೆ, ಬೆಚ್ಚಗೆ, ಒಗೆದು ಒಗೆದು ಹಳತಾದ ಬಟ್ಟೆಯ ಮಡಿಕೆಯಂತೆ ಇರುತ್ತದೆ ಆ ತೊಗಲು. ಅದಕ್ಕೆಂದೇ ಒಂದು ಪದ ಇರಬೇಕೆಂದರೆ ಆ ಜನ ದನದ ಜೊತೆ ಬದುಕಿದವರೇ ಆಗಿರಬೇಕು. ಅವರ ಅತ್ಯಂತ ಹಳೆಯ ಕಾವ್ಯಸಂಗ್ರಹದ ಒಂದು ಹಾಡಿನಲ್ಲಿ ತೋಳವೊಂದು ಮುಂದೆ ಹೋಗಲು ಹೊರಟು ತನ್ನದೇ ಗದ್ದದ ಜೋಲುತೊಗಲನ್ನು ತುಳಿದುಕೊಳ್ಳುತ್ತದೆ. ಆ ತೊಗಲೂ ಹೂ. ಗದ್ದದಿಂದ ಅರ್ಥ ಜಾರಿ ಗಡ್ಡಕ್ಕೆ ಬಂತು. ಇಂದಿಗೂ ಚೀನೀ ಭಾಷೆಯಲ್ಲಿ ಗಡ್ಡಮೀಸೆಗೆ ಹೂಝ ಎನ್ನುತ್ತಾರೆ. ಹಳೆಯ ಚೀನೀಯಲ್ಲಿ ಇದೇ ಅಕ್ಷರ ‘ಯಾಕೆ’ ಎಂಬ ಪ್ರಶ್ನೆಗೂ ಬಳಕೆಯಾಗುತ್ತಿತ್ತು. ಅದೇ ಸಂಗ್ರಹದ ಇನ್ನೊಂದು ಹಾಡು ಹೊತ್ತು ಇಳಿಯುತ್ತಿದೆ, ಯಾಕೆ ಮನೆಗೆ ಮರಳುವುದಿಲ್ಲ ಎಂದು ಕೇಳುತ್ತದೆ. ಅಲ್ಲಿನ ‘ಯಾಕೆ’ಯೂ ಹೂ. ಆ ಚಳಿಗಾಲದಲ್ಲಿ ಅದನ್ನು ಓದಿ ಪುಸ್ತಕ ಮುಚ್ಚಿಟ್ಟೆ.

ಈ ಅಕ್ಷರ ಜನರ ಹೆಸರಾದದ್ದು ಉತ್ತರದ ಹುಲ್ಲುಗಾವಲಿನ ಕುದುರೆ ಸವಾರರಿಂದ. ಇಲ್ಲಿ ನನಗೆ ಬಹಳ ಹಿಡಿಸಿದ ಒಂದು ಪ್ರಸಂಗವಿದೆ. ಕ್ರಿ.ಪೂ. 307ರಲ್ಲಿ ಝಾವ್ ಎಂಬ ರಾಜ್ಯದ ದೊರೆ ವೂಲಿಂಗ್ ತನ್ನ ಸೈನ್ಯ ಹೂ ಜನರ ಉಡುಪು ತೊಡಬೇಕು, ಅವರಂತೆ ಕುದುರೆಯ ಮೇಲಿಂದ ಬಾಣ ಬಿಡುವುದನ್ನು ಕಲಿಯಬೇಕು ಎಂದು ತೀರ್ಮಾನಿಸಿದ. ಉದ್ದ ನಿಲುವಂಗಿ ತೊಟ್ಟು ರಥದಲ್ಲಿ ಯುದ್ಧ ಮಾಡುತ್ತಿದ್ದ ಜನರಿಗೆ ಈಗ ಷರಾಯಿ, ಸೊಂಟಪಟ್ಟಿ. ಆಸ್ಥಾನಕ್ಕೆ ನಾಚಿಕೆ. ದೊರೆಯ ಚಿಕ್ಕಪ್ಪನಂತೂ ಕಾಯಿಲೆಯ ನೆವ ಹೇಳಿ ಸಭೆಗೇ ಬರಲಿಲ್ಲ. ವೂಲಿಂಗ್ ಆಳು ಕಳಿಸಿ ಎಳೆಸಿಕೊಳ್ಳಲಿಲ್ಲ. ತಾನೇ ಚಿಕ್ಕಪ್ಪನ ಮನೆಗೆ ಹೋಗಿ ಕೂತು ವಾದಿಸಿದ. ಬಟ್ಟೆ ಇರುವುದು ಅನುಕೂಲಕ್ಕೆ, ಊರೂರಿಗೆ ರೀತಿ ಬೇರೆ ಎಂದ. ಕೊನೆಗೆ ಆ ಹಿರಿಯ ಒಪ್ಪಿ, ಮರುದಿನ ಹೂ ಉಡುಪಿನಲ್ಲೇ ಸಭೆಗೆ ಬಂದ. ಪರಕೀಯರ ಬಟ್ಟೆ ತೊಡಲು ಒಬ್ಬ ದೊರೆ ಹಿರಿಯರ ಕಾಲ ಬಳಿ ಹೋಗಿ ವಾದಿಸಿದ್ದನ್ನು ಎರಡು ಸಾವಿರ ವರ್ಷದಿಂದ ಆ ದೇಶ ನೆನಪಿಟ್ಟುಕೊಂಡಿದೆ.

ಹೂ ಎನ್ನುವುದು ಮೊದಲಿನಿಂದಲೂ ಬೈಗುಳವಾಗಿತ್ತೇ? ಕ್ರಿ.ಪೂ. 89ರಲ್ಲಿ ಆ ಹುಲ್ಲುಗಾವಲಿನ ಶಿಯೋಂಗ್‌ನೂ ಜನರ ಒಡೆಯ ಚೀನಾದ ಹಾನ್ ವಂಶದ ಚಕ್ರವರ್ತಿಗೆ ಬರೆದ ಪತ್ರ ಬೇರೆಯದೇ ಹೇಳುತ್ತದೆ. ದಕ್ಷಿಣದಲ್ಲಿ ಮಹಾ ಹಾನ್ ಇದೆ, ಉತ್ತರದಲ್ಲಿ ಬಲಿಷ್ಠ ಹೂ ಇದೆ. ಹೂ ಜನ ಆಕಾಶದ ಮುದ್ದಿನ ಮಕ್ಕಳು ಎಂದು ಅವನು ಎದೆಯುಬ್ಬಿಸಿ ಬರೆದ. ಇದನ್ನು ಓದಿದಾಗ ನೀಲಗಿರಿಯ ಬಡಗರ ನೆನಪಾಯಿತು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಎನ್ನುವ ಆ ಜನರಿಗೆ ಬಂದದ್ದು ‘ಬಡಗಣ ದಿಕ್ಕಿನವರು’ ಎಂಬ ಹೆಸರು. ಅದೇ ಅವರ ಸ್ವಂತ ಹೆಸರಾಯಿತು, ಅವರ ಮಾತಿನ ಹೆಸರೂ ಆಯಿತು. ಕನ್ನಡಕ್ಕೆ ಅಷ್ಟು ಹತ್ತಿರದ ಆ ಮಾತಿಗೆ ದಿಕ್ಕೇ ಹೆಸರು.

ಕಾಲ ಸರಿದಂತೆ ಹೂ ಪದ ಪಶ್ಚಿಮಕ್ಕೆ ತಿರುಗಿತು. ಮಧ್ಯ ಏಷ್ಯಾದ ಸಮರ್ಕಂದದ ಕಡೆಯಿಂದ ಒಂಟೆ ಹೊಡೆದುಕೊಂಡು ಬರುವ ಸೊಗ್ದಿಯನ್ ವ್ಯಾಪಾರಿಗಳು, ಪರ್ಷಿಯನ್ನರು ಎಲ್ಲರೂ ಹೂ. ಕ್ರಿ.ಶ. 168ರಿಂದ 189ರವರೆಗೆ ಆಳಿದ ಹಾನ್ ವಂಶದ ಲಿಂಗ್ ಚಕ್ರವರ್ತಿಗೆ ಹೂ ಉಡುಪು, ಹೂ ಡೇರೆ, ಹೂ ಊಟ, ಹೂ ಕೊಳಲು, ಹೂ ಕುಣಿತ ಎಂದರೆ ಪ್ರಾಣ. ಲುವೋಯಾಂಗ್‌ನ ದೊಡ್ಡ ಮನೆತನಗಳೆಲ್ಲ ಅವನನ್ನೇ ಅನುಸರಿಸಿದವಂತೆ. ಅವನು ಇಷ್ಟಪಟ್ಟದ್ದರಲ್ಲಿ ‘ಹೂ ಮಂಚ’ ಎಂಬುದೂ ಒಂದು: ಮಡಚಿ ಹೆಗಲಿಗೆ ಹಾಕಿಕೊಳ್ಳಬಹುದಾದ, ಕತ್ತರಿಕಾಲಿನ ಪೀಠ. ಚಾಪೆಯ ಮೇಲೆ ಮಂಡಿಯೂರಿ ಕೂರುತ್ತಿದ್ದ ದೇಶ ಕಾಲು ಇಳಿಬಿಟ್ಟು ಕೂರುವ ರೂಢಿಗೆ ಇಂಥ ಪೀಠಗಳಿಂದಲೇ ಹೊರಳಿತು. ಇವತ್ತು ಚೀನಾದ ಯಾವ ಮನೆಯಲ್ಲೂ ಕುರ್ಚಿಯನ್ನು ಯಾರೂ ಪರಕೀಯ ಎನ್ನುವುದಿಲ್ಲ.

ತರಕಾರಿ ಅಂಗಡಿಯಲ್ಲಿ ನಿಂತರೆ ಹೂ ಕಾಣುತ್ತಲೇ ಇರುತ್ತದೆ. ಅಕ್ರೋಟು ಹೂಥಾವ್, ಅಂದರೆ ಹೂ ಪೀಚ್. ಗಜ್ಜರಿ ಹೂಲ್ವೋಬೋ, ಅಂದರೆ ಹೂ ಮೂಲಂಗಿ. ಅದು ಮಂಗೋಲರ ಯುವಾನ್ ಕಾಲದಲ್ಲಿ ಹೂ ಸೀಮೆಯಿಂದ ಬಂತು ಎಂದು ಲಿ ಶಿಝೆನ್ 16ನೇ ಶತಮಾನದಲ್ಲೇ ತನ್ನ ಔಷಧಿಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಎಳ್ಳು ಹೂಮಾ. ಇವೆಲ್ಲವನ್ನೂ ಹಾನ್ ಕಾಲದ ರಾಯಭಾರಿ ಝಾಂಗ್ ಚಿಯೆನ್ ಪಶ್ಚಿಮದಿಂದ ತಂದ ಎಂದು ಅಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. 1919ರಲ್ಲಿ ಬರ್ಟೋಲ್ಡ್ ಲಾಫರ್ ಎಂಬ ವಿದ್ವಾಂಸ ಒಂದೊಂದೇ ಗಿಡದ ದಾಖಲೆ ಹುಡುಕಿ, ಝಾಂಗ್ ಚಿಯೆನ್ ಲೆಕ್ಕಕ್ಕೆ ನಿಲ್ಲುವುದು ದ್ರಾಕ್ಷಿ ಮತ್ತು ಕುದುರೆಮೇವಿನ ಸೊಪ್ಪು ಎರಡೇ ಎಂದು ತೋರಿಸಿದ. ಉಳಿದವು ಹೆಸರಿಲ್ಲದ ವ್ಯಾಪಾರಿಗಳ ಚೀಲದಲ್ಲಿ ಬಂದವು.

ಮೆಣಸಂತೂ ಹೂ ನಾಡಿನದೇ ಅಲ್ಲ. ಮರುಭೂಮಿಯಲ್ಲಿ ಮೆಣಸಿನ ಬಳ್ಳಿ ಒಂದು ವಾರ ಬದುಕಲಾರದು. ಅದಕ್ಕೆ ನಮ್ಮ ಘಟ್ಟದ ಮಳೆ ಬೇಕು, ಮರದ ನೆರಳು ಬೇಕು. ತಾಂಗ್ ಕಾಲದ ಒಂದು ಗ್ರಂಥ ಹೂಜಿಯಾವ್ ಬರುವುದು ಮಗಧ ದೇಶದಿಂದ, ಅಲ್ಲಿನವರು ಅದನ್ನು ‘ಮೆಯ್ ಲೀ ಝಿ’ ಎನ್ನುತ್ತಾರೆ ಎಂದು ಬರೆದಿದೆ. ಸಂಸ್ಕೃತದ ‘ಮರೀಚ’ ಚೀನೀ ಕಿವಿಗೆ ಹಾಗೆ ಕೇಳಿಸಿದೆ. ಬೆಳೆದ ನೆಲ ಒಂದು, ಮಾರಿದ ಕೈ ಇನ್ನೊಂದು. ಹೆಸರು ಅಂಟಿದ್ದು ಮಾರಿದ ಕೈಯಿಂದ. ನಾವೇನು ಕಮ್ಮಿಯೇ? ಅಮೆರಿಕದ ಹಣ್ಣಿಗೆ ಪರಂಗಿ ಹಣ್ಣು ಎಂದೆವು, ಹಡಗಿನಲ್ಲಿ ತಂದವನು ಪರಂಗಿಯವನು ಎಂಬ ಕಾರಣಕ್ಕೆ. ಚೀನೀಯರು ಅದೇ ಹಣ್ಣಿಗೆ ‘ಫಾನ್ ಮುಗ್ವಾ’ ಎಂದರು. ಹೂ ಹಳತಾದ ಮೇಲೆ ಸಮುದ್ರದಿಂದ ಬಂದದ್ದಕ್ಕೆಲ್ಲ ಬಳಸಿದ ‘ಫಾನ್’ ಕೂಡ ಪರಕೀಯ ಎಂದೇ. ಸೀಮೆಎಣ್ಣೆಗೆ ಅವರಲ್ಲಿ ಹಿಂದೆ ‘ಯಾಂಗ್ ಯೋವ್’, ಕಡಲಾಚೆಯ ಎಣ್ಣೆ. ನಮ್ಮ ಕಡೆ ಚೀನಿಕಾಯಿ ಎನ್ನುವ ಸಿಹಿಗುಂಬಳ ಕೂಡ ಅಮೆರಿಕದ್ದು. ಅದನ್ನು ಚೀನಾದ ಎಷ್ಟೋ ಕಡೆ ‘ಫಾನ್ ಗ್ವಾ’ ಎನ್ನುತ್ತಾರೆ. ನಾವು ಅವರತ್ತ ಬೆರಳು ತೋರಿಸಿದೆವು, ಅವರು ಕಡಲಿನತ್ತ. ಗುಂಬಳಕಾಯಿ ಎರಡೂ ಕಡೆ ಹಿತ್ತಲಲ್ಲಿ ಹಬ್ಬಿತು.

ಇದಕ್ಕಿಂತ ಸೂಕ್ಷ್ಮವಾದದ್ದು ‘ಜಿಯಾವ್’ ಪದದ ಕತೆ. ನನಗೆ ಇದು ಹೊಳೆದದ್ದು ಅಡುಗೆಮನೆಯಲ್ಲಿ, ಡಬ್ಬಿಗಳಿಗೆ ಚೀಟಿ ಅಂಟಿಸುವಾಗ. ಚೀನಾದಲ್ಲಿ ಮೊದಲು ಜಿಯಾವ್ ಎಂದರೆ ಅವರದೇ ಬೆಟ್ಟದ, ನಾಲಿಗೆ ಜುಮ್ಮೆನಿಸುವ ಸಿಚುವಾನ್ ಕಾಳು ಮಾತ್ರ. ಆಮೇಲೆ ನಮ್ಮ ಮೆಣಸು ಬಂತು, ಅದು ಹೂಜಿಯಾವ್ ಆಯಿತು. 16ನೇ ಶತಮಾನದ ಕೊನೆಗೆ ಅಮೆರಿಕದ ಮೆಣಸಿನಕಾಯಿ ಬಂತು. 1591ರ ಗಾವ್ ಲಿಯೆನ್ ಎಂಬುವನ ಗ್ರಂಥದಲ್ಲಿ ಅದು ‘ಫಾನ್ ಜಿಯಾವ್’. ಕೆಂಪಗೆ ಚಂದ ಕಾಣುತ್ತದೆ ಎಂದು ಅವನು ಅದನ್ನು ನೋಡುವ ಗಿಡವಾಗಿಯೇ ಬಣ್ಣಿಸಿದ್ದಾನೆ. ಹೀಗೆ ಪರಕೀಯರು ಬಂದು ಕೂರುತ್ತಾ ಹೋದಂತೆ, ಮೂಲದ ಜಿಯಾವ್ ಬರೀ ಜಿಯಾವ್ ಆಗಿ ಉಳಿಯಲಿಲ್ಲ. ಅದೂ ತನ್ನ ಹೆಸರಿಗೆ ಒಂದು ವಿಶೇಷಣ ಸೇರಿಸಿಕೊಂಡು ‘ಹ್ವಾಜಿಯಾವ್’ ಆಗಬೇಕಾಯಿತು.

ನಮ್ಮಲ್ಲೂ ಹೀಗೇ ಆಗಿದೆಯಲ್ಲ! ಮೆಣಸು ಎಂದರೆ ಹಿಂದೆ ಬಳ್ಳಿಯ ಕಾಳು, ಬೇರೆ ಮೆಣಸೇ ಇರಲಿಲ್ಲ. ಪೋರ್ಚುಗೀಸರ ಕಾಲದಲ್ಲಿ ಕೆಂಪು ಕಾಯಿ ಬಂತು. ಅದಕ್ಕೆ ಮೆಣಸಿನಕಾಯಿ ಎಂದು ನಮ್ಮ ಮೆಣಸಿನ ಹೆಸರನ್ನೇ ಕೊಟ್ಟೆವು. ಈಗ ಅಂಗಡಿಯಲ್ಲಿ ಮೆಣಸು ಕೊಡಿ ಎಂದರೆ “ಯಾವುದು?” ಎಂದು ಕೇಳುತ್ತಾರೆ. ಸಾವಿರಾರು ವರ್ಷ ಇಲ್ಲೇ ಬೆಳೆದ ಕಾಳು ತನ್ನ ಗುರುತಿಗೆ ‘ಕಾಳುಮೆಣಸು’ ಎಂದೋ ‘ಕರಿಮೆಣಸು’ ಎಂದೋ ಹೇಳಿಕೊಳ್ಳಬೇಕು. ಕರಾವಳಿಯಲ್ಲಿ ಅದನ್ನು ಒಳ್ಳೆಮೆಣಸು ಎನ್ನುತ್ತಾರೆ. ಆ ‘ಒಳ್ಳೆ’ ಕೇಳಿದಾಗಲೆಲ್ಲ ನನಗೆ ಯಾಕೋ ಸಂಕಟ. ಹೊಸಬರು ಮನೆ ತುಂಬಿದ ಮೇಲೆ ಮೂಲೆಗೆ ಸರಿದ ಅಜ್ಜಿಯನ್ನು “ಅವರು ಒಳ್ಳೆಯವರು” ಎಂದು ಪರಿಚಯ ಮಾಡಿಕೊಟ್ಟ ಹಾಗೆ.

ಚೀನಾದಲ್ಲಿ ಮೆಣಸಿಗಿದ್ದ ಬೆಲೆ ತಿಳಿಯಬೇಕಾದರೆ 777ನೇ ಇಸವಿಗೆ ಹೋಗಬೇಕು. ಆ ವರ್ಷ ತಾಂಗ್ ಚಕ್ರವರ್ತಿ ತನ್ನ ಭ್ರಷ್ಟ ಮಂತ್ರಿ ಯುವಾನ್ ಝಾಯ್‌ಗೆ ಮರಣದಂಡನೆ ಕೊಟ್ಟು ಮನೆ ಜಫ್ತಿ ಮಾಡಿಸಿದಾಗ ಚಿನ್ನ ಬೆಳ್ಳಿಗಿಂತ ಜನರ ಬಾಯಲ್ಲಿ ಉಳಿದದ್ದು ಉಗ್ರಾಣದ ಮೆಣಸು: ಎಂಟುನೂರು ‘ಶಿ’. ಒಂದು ಶಿ ಎಂದರೆ ಸುಮಾರು ಒಬ್ಬ ಆಳು ಹೊರುವಷ್ಟು. ಮಿಂಗ್ ಕಾಲದಲ್ಲಿ ಅಧಿಕಾರಿಗಳ ಸಂಬಳದ ಒಂದು ಭಾಗವನ್ನು ಮೆಣಸಿನಲ್ಲೇ ಕೊಟ್ಟದ್ದೂ ಉಂಟು. ಚೀನೀ ನೌಕಾಧಿಪತಿ ಝೆಂಗ್ ಹೆಯ ಹಡಗುಗಳ ಜೊತೆ ಬಂದ ಮಾ ಹುವಾನ್ 15ನೇ ಶತಮಾನದಲ್ಲಿ ಕೊಚ್ಚಿಯ ತೋಟಗಳನ್ನು ಕಂಡು, ಈ ನಾಡಿನವರ ಬದುಕೇ ಮೆಣಸು ಎಂದು ಬರೆದ. ಮುಂದಿನ ಶತಮಾನದಲ್ಲಿ ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ನಮ್ಮ ಕರಾವಳಿಯ ಬಂದರುಗಳಿಂದ ಹೋಗುತ್ತಿದ್ದ ಕಾಳು ಅದೇ.

ಮೆಣಸಷ್ಟೇ ಅಲ್ಲ, ಒಂದು ಕಾಲಕ್ಕೆ ಭಾರತದ ಜನರೂ ಹೂ ಆಗಿದ್ದರು ಎಂಬುದು ನನಗೆ ತಡವಾಗಿ ತಿಳಿಯಿತು. ಬೌದ್ಧ ಸೂತ್ರಗಳು ಮಧ್ಯ ಏಷ್ಯಾದ ದಾರಿಯಲ್ಲಿ ಬಂದದ್ದರಿಂದ ಅವುಗಳ ಮೂಲಪ್ರತಿಗಳನ್ನು ‘ಹೂ ಪ್ರತಿ’ ಎಂದೇ ಕರೆಯುತ್ತಿದ್ದರು. ಸುಯ್ ರಾಜವಂಶದ ಕಾಲದ ಯೆನ್‌ಚೋಂಗ್ ಎಂಬ ಭಿಕ್ಷುವಿಗೆ ಇದು ಸಹಿಸಲಿಲ್ಲ. ಬುದ್ಧನ ನಾಡನ್ನು ಹೂ ಎನ್ನುವುದು ತಪ್ಪು, ಹೂ ಎಂದರೆ ಬೆರಕೆ ಕುಲದವರು, ಭಾರತದ್ದಕ್ಕೆ ‘ಫಾನ್’ ಎನ್ನಬೇಕು, ಅದು ಬ್ರಹ್ಮ ಶಬ್ದದಿಂದ ಬಂದದ್ದು ಎಂದು ವಾದಿಸಿದ. (ಈ ಫಾನ್ ಬೇರೆ, ಪರಂಗಿ ಹಣ್ಣಿನ ಫಾನ್ ಬೇರೆ, ಅಕ್ಷರವೂ ಬೇರೆ.) ನಮ್ಮ ಮೇಲೆ ಅಷ್ಟು ಗೌರವ ಇಟ್ಟ ಆ ಭಿಕ್ಷುವಿಗೆ ನಾನು ಋಣಿ. ಆದರೂ ಅವನ ವಾದ ಓದುವಾಗ ಮನಸ್ಸು ಮುದುಡುತ್ತದೆ. ಒಬ್ಬರನ್ನು ಆ ಹೆಸರಿನಿಂದ ಬಿಡಿಸಲು ಉಳಿದವರೆಲ್ಲ ಆ ಹೆಸರಿಗೆ ತಕ್ಕವರೇ ಎಂದು ಒಪ್ಪಬೇಕಾಗಿ ಬಂತಲ್ಲ.

ಈ ಪದವನ್ನು ಅಳಿಸಲು ಹೊರಟ ದೊರೆಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತವನು ಶಿ ಲ. ಅವನೇ ಹೂ. ಜಿಯೆ ಎಂಬ ಬುಡಕಟ್ಟಿನವನು, ಅಕ್ಷರ ಬಾರದವನು, ಯೌವನದಲ್ಲಿ ಗುಲಾಮನಾಗಿ ಮಾರಾಟವಾದವನು. ಅಂಥವನು 319ರಲ್ಲಿ ರಾಜ್ಯ ಕಟ್ಟಿ ಉತ್ತರ ಚೀನಾದ ಬಹುಭಾಗ ಆಳಿದ. ತನ್ನ ರಾಜ್ಯದಲ್ಲಿ ಹೂ ಎಂಬ ಮಾತನ್ನೇ ನಿಷೇಧಿಸಿದ. ಹೂ ಜನರನ್ನು ‘ನಾಡವರು’ ಎನ್ನಬೇಕೆಂದು ಆಜ್ಞೆ ಮಾಡಿದ. ಹೂ ರೊಟ್ಟಿಗೆ, ಹೂ ಹುರುಳಿಗೆ ಬೇರೆ ಹೆಸರು ಬಂತು. ಒಂದು ದಿನ ಕುಡಿದ ಹೂ ಸವಾರನೊಬ್ಬ ಕುದುರೆ ಸಮೇತ ಅರಮನೆಯ ಬಾಗಿಲೊಳಗೆ ನುಗ್ಗಿಬಿಟ್ಟ. ಶಿ ಲ ಸಿಟ್ಟಿನಿಂದ ಬಾಗಿಲಧಿಕಾರಿಯನ್ನು ಕರೆಸಿದ. ಅಧಿಕಾರಿ ಗಡಗಡ ನಡುಗುತ್ತ ನಿಷೇಧ ಮರೆತು, “ಕುಡಿದ ಹೂ ಒಬ್ಬ ನುಗ್ಗಿದ, ಗದರಿದೆ, ತಡೆದೆ, ಆದರೆ ಅವರ ಜೊತೆ ಮಾತಾಡುವುದೇ ಆಗುವುದಿಲ್ಲ” ಎಂದುಬಿಟ್ಟ. ತಲೆ ಹೋಗಬೇಕಾದ ಮಾತು. ಶಿ ಲ ನಕ್ಕುಬಿಟ್ಟ. “ಹೌದು, ಹೂ ಜನರ ಜೊತೆ ಮಾತಾಡುವುದು ಕಷ್ಟವೇ” ಎಂದು ಅವನನ್ನು ಬಿಟ್ಟುಕಳಿಸಿದ. ನಿಷೇಧಿಸಿದ ಪದವನ್ನು ತನ್ನ ಬಾಯಿಂದಲೇ ಆಡಿ ನಕ್ಕ ಆ ಕ್ಷಣದಲ್ಲಿ ಗುಲಾಮನೂ ಇದ್ದಾನೆ, ದೊರೆಯೂ ಇದ್ದಾನೆ. ಅಧಿಕಾರಿಯ ಬಾಯಿ ತಪ್ಪಿ ಹೊರಬಿದ್ದದ್ದು ಊರೆಲ್ಲ ಒಳಗೊಳಗೇ ಆಡುತ್ತಿದ್ದ ಮಾತು ಎಂದು ಅವನಿಗೆ ತಿಳಿಯದೆ ಇರುತ್ತದೆಯೇ?

ಶಿ ಲ ಸತ್ತು ಹದಿನಾರು ವರ್ಷ ಕಳೆದಿತ್ತು. ಅದೇ ರಾಜ್ಯದ ದಳಪತಿ ರಾನ್ ಮಿನ್ ರಾಜಧಾನಿ ಯೆಯಲ್ಲಿ ಹೂ ಜನರನ್ನು ಕೊಲ್ಲಲು ಆಜ್ಞೆ ಕೊಟ್ಟ. ಸತ್ತವರು ಎರಡು ಲಕ್ಷಕ್ಕೂ ಮಿಕ್ಕಿ ಎಂದು ಚೀನೀ ಚರಿತ್ರೆಯೇ ಬರೆದುಕೊಂಡಿದೆ. ಮೂಗು ಎತ್ತರ, ಗಡ್ಡ ದಟ್ಟ ಎಂಬ ಕಾರಣಕ್ಕೆ ಹೂ ಅಲ್ಲದವರೂ ಬಹಳ ಜನ ಹೋದರು. ಹೂ ಎಂದರೆ ಪರಕೀಯ, ಹೂ ಎಂದರೆ ಗಡ್ಡ. ನಿಘಂಟಿನಲ್ಲಿ ಒಂದರ ಕೆಳಗೊಂದು ತಣ್ಣಗೆ ಕೂತ ಎರಡು ಅರ್ಥ ಆ ಊರಿನ ಬೀದಿಯಲ್ಲಿ ಒಂದಾಗಿಬಿಟ್ಟಿತ್ತು. ಇದನ್ನು ಓದಿದ ಮಾರನೆಯ ದಿನ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿ ನೋಡಿದ್ದು ಇನ್ನೂ ನೆನಪಿದೆ.

ಸುಯ್ ವಂಶದ ಯಾಂಗ್ ಚ‌ಕ್ರವರ್ತಿಯದು ಇನ್ನೊಂದು ಬಗೆ. ಅವನು ಹೂ ಅಲ್ಲ, ಹೂ ಎಂದರೆ ಅವನಿಗೆ ಭಯ. ಹೂ ಮಂಚವನ್ನು ‘ಕತ್ತರಿ ಮಂಚ’ ಮಾಡಿದ, ಹೂಗ್ವಾ ಎನ್ನುತ್ತಿದ್ದ ಸೌತೆಕಾಯಿಯನ್ನು ‘ಹ್ವಾಂಗ್‌ಗ್ವಾ’, ಅಂದರೆ ಹಳದಿಕಾಯಿ ಎಂದ. (ಸೌತೆಯ ಹೆಸರು ಶಿ ಲನ ಕಾಲದಲ್ಲೇ ಬದಲಾಯಿತು ಎನ್ನುವ ಹಳೆಯ ಗ್ರಂಥವೂ ಇದೆ.) ಮಹಾಗೋಡೆಯನ್ನೂ ಕಟ್ಟಿಸಿದ. 618ರಲ್ಲಿ ಅವನನ್ನು ಕೊಂದವರು ಗೋಡೆಯಾಚೆಯವರಲ್ಲ, ಅವನದೇ ಕಾವಲು ಪಡೆಯವರು. ಮುಂದಿನ ವಂಶದ ತಾಯ್‌ಝೋಂಗ್ ತನ್ನ ಮಂತ್ರಿಗಳಿಗೆ ಇದನ್ನೇ ಎತ್ತಿ ಹೇಳಿದ. ಚೀನಾದಲ್ಲಿ ಸೌತೆಕಾಯಿ ಇವತ್ತಿಗೂ ಹ್ವಾಂಗ್‌ಗ್ವಾ, ಹಚ್ಚಗೆ ಹಸಿರಿದ್ದರೂ. ಜಪಾನಿನಲ್ಲಿ ಮಾತ್ರ ಅದನ್ನು ಬರೆಯುವ ಅಕ್ಷರಗಳಲ್ಲಿ ಹೂ ಹಾಗೆಯೇ ಉಳಿದಿದೆ. ಚಕ್ರವರ್ತಿಯ ಆಜ್ಞೆ ಕಡಲು ದಾಟಲಿಲ್ಲ.

ಹೊರಗಿನಿಂದ ಬಂದು ಚೀನಾ ಆಳಿದ ಮಂಚು ವಂಶದ ಯೋಂಗ್‌ಝೆಂಗ್ ಇದಕ್ಕೆ ತದ್ವಿರುದ್ಧ. ಅವನ ಕಾಲದ ಮುದ್ರಕರು ಪರಕೀಯ ದೊರೆಗೆ ಎಲ್ಲಿ ನೋವಾಗುತ್ತದೋ ಎಂದು ಹೂ, ಅದರಂತೆಯೇ ಪರಕೀಯ ಎನ್ನುವ ಯೀ ಮೊದಲಾದ ಅಕ್ಷರ ಬಂದಲ್ಲೆಲ್ಲ ಜಾಗ ಖಾಲಿ ಬಿಡುತ್ತಿದ್ದರು. 1733ರಲ್ಲಿ ಅವನು ಹಾಗೆ ಮಾಡಬೇಡಿ, ಖಾಲಿ ಬಿಡುವುದೇ ಅಗೌರವ ಎಂದು ಆಜ್ಞೆ ಹೊರಡಿಸಿದ. ಮಹಾತ್ಮ ಶುನ್ ಪೂರ್ವದ ಯೀ, ವೆನ್ ರಾಜ ಪಶ್ಚಿಮದ ಯೀ ಎಂದು ಪ್ರಾಚೀನ ತತ್ವಜ್ಞಾನಿ ಮೆನ್‌ಶಿಯಸ್ ಹೇಳಿರುವಾಗ ಯೀ ಆಗಿರುವುದರಲ್ಲಿ ನಾಚಿಕೆ ಎಂಥದು ಎಂಬುದು ಅವನ ವಾದ. ಬ್ರಿಟಿಷರು ಅಷ್ಟು ಸಮಾಧಾನದವರಲ್ಲ. 1858ರ ತಿಯಾನ್‌ಜಿನ್ ಒಪ್ಪಂದದ 51ನೇ ಕಲಮು, ಚೀನೀ ಸರ್ಕಾರದ ಯಾವ ಕಾಗದದಲ್ಲೂ ಬ್ರಿಟಿಷರಿಗೆ ಯೀ ಎಂಬ ಅಕ್ಷರ ಬಳಸಕೂಡದು ಎಂದು ಬರೆಸಿಕೊಂಡಿತು. ಅಫೀಮು ಮಾರಲು ಯುದ್ಧಕ್ಕೆ ಬಂದವರಿಗೆ ಒಂದು ಅಕ್ಷರ ಅಷ್ಟು ಚುಚ್ಚಿತ್ತು.

ಆ ಯೀ ಅಕ್ಷರ ಬರೆಯುವಾಗ ‘ದೊಡ್ಡದು’ ಎನ್ನುವ ಗುರುತು, ಅದರ ಮೈಗೆ ಸುತ್ತಿದಂತೆ ಒಂದು ಬಿಲ್ಲು. ಒಂದು ದಿನ ನನ್ನ ನೆರೆಮನೆಯ ಹಿರಿಯ ಹೆಂಗಸನ್ನು ಕರೆಯುವ ಪದವನ್ನು ಬರೆಯಲು ಕಲಿಯುತ್ತಿದ್ದೆ. ಚೀನಾದಲ್ಲಿ ಅಮ್ಮನ ವಯಸ್ಸಿನವರನ್ನು ‘ಆಯೀ’ ಎನ್ನುತ್ತಾರೆ, ಚಿಕ್ಕಮ್ಮ ಎಂದ ಹಾಗೆ. ಶಿರಸಿ ಕಡೆಯ ನನಗೆ ಆ ಪದ ಕಲಿಯುವ ಅಗತ್ಯವೇ ಇರಲಿಲ್ಲ. ಮೊದಲ ದಿನದಿಂದ ಬಾಯಿ ತುಂಬ ಆಯಿ ಎಂದೇ ಕರೆದಿದ್ದೆ. ಬರೆದು ನೋಡಿದರೆ ಎಡಗಡೆ ಹೆಣ್ಣು ಎನ್ನುವ ಅಕ್ಷರ, ಬಲಗಡೆ ಅದೇ ಯೀ, ಅದೇ ಬಿಲ್ಲು. ಉಚ್ಚಾರಕ್ಕಾಗಿ ಅಲ್ಲಿ ಕೂತಿದೆ, ಅಷ್ಟೇ. ಸಾಮ್ರಾಜ್ಯವೊಂದು ಒಪ್ಪಂದ ಬರೆಸಿ ದೂರವಿಟ್ಟ ಅಕ್ಷರ ಕೋಟಿಗಟ್ಟಲೆ ಮಕ್ಕಳು ಚಿಕ್ಕಮ್ಮನನ್ನು ಕರೆಯುವ ಹೆಸರಿನೊಳಗೆ ಇದೆ.

ಹೂ ಎಂದು ಇವತ್ತು ಯಾರೂ ಯಾರನ್ನೂ ಕರೆಯುವುದಿಲ್ಲ. ನನ್ನನ್ನು ಕಂಡ ಮಕ್ಕಳು “ಲಾವ್‌ವಾಯ್” ಎಂದು ಕೂಗಿ ಅಮ್ಮನ ಹಿಂದೆ ಅಡಗುತ್ತಿದ್ದವು. ಹೊರಗಿನವನು ಎಂದರ್ಥ, ಅದರಲ್ಲಿ ವಿಷವಿಲ್ಲ. ಒಮ್ಮೆ ಮಾತ್ರ ಕೆಲಸದ ಜಾಗದ ಊಟದ ಕೋಣೆಯಲ್ಲಿ ನನ್ನ ಬೆನ್ನ ಹಿಂದೆ ‘ಆಸಾನ್’ ಎಂಬ ಮಾತು ಕಿವಿಗೆ ಬಿತ್ತು. ಬ್ರಿಟಿಷರ ಕಾಲದ ಶಾಂಘಾಯ್‌ನಲ್ಲಿ ಸಿಖ್ ಪೊಲೀಸರಿಗೆ ಇಟ್ಟ ಅಡ್ಡಹೆಸರು ಅದು, ಈಗ ಭಾರತೀಯರನ್ನು ಹೀಯಾಳಿಸಲು ಬಳಕೆಯಾಗುತ್ತದೆ. ಆ ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಹಳೆಯ ಹೂ ಪದದ ಕಹಿಯೂ ಪೂರ್ತಿ ಹೋಗಿಲ್ಲ. ಅಸಂಬದ್ಧ ಮಾತಿಗೆ ‘ಹೂಶುವೋ’ ಎನ್ನುತ್ತಾರೆ, ಕಂಡಕಂಡಂತೆ ಮಾಡುವುದಕ್ಕೆ ‘ಹೂಲಾಯ್’. ಹೂ ಜನರ ಮಾತು, ಹೂ ಜನರ ರೀತಿ ಎಂಬುದರಿಂದ ಬಂದದ್ದು ಎಂದೇ ಅಲ್ಲಿನವರು ವಿವರಿಸುವುದು. ಅರ್ಥವಾಗದ ಮಾತು ಆಡುವವನು ಹೊರಗಿನವನು. ಸಂಸ್ಕೃತದ ಮ್ಲೇಚ್ಛ ಶಬ್ದದ ಬೇರು ಕೂಡ ತೊದಲು ಮಾತಿನಲ್ಲೇ ಇದೆ.

ಆದರೆ ಚೀನಾದ ಜೀವ ಎಂದು ಅಲ್ಲಿನವರು ಹೇಳುವ ನಾದವೂ ಹೂ. ಎರಡು ತಂತಿಯ, ಹೆಬ್ಬಾವಿನ ಚರ್ಮ ಬಿಗಿದ ಆ ಪುಟ್ಟ ವಾದ್ಯ ‘ಅರ್‌ಹೂ’: ಅರ್ ಎಂದರೆ ಎರಡು, ಹೂ ಎಂದರೆ ಪರಕೀಯ. ಕುದುರೆಬಾಲದ ಕೂದಲಿನ ಕಮಾನು ಎರಡು ತಂತಿಗಳ ನಡುವೆ ಸಿಕ್ಕಿಕೊಂಡೇ ಇರುತ್ತದೆ, ಹೊರತೆಗೆಯಲು ಬಾರದು. 1950ರ ಬೇಸಗೆಯಲ್ಲಿ ವೂಶಿ ಊರಿನ ಬೀದಿಗಾಯಕ, ಕಣ್ಣಿಲ್ಲದ ಆಬಿಂಗ್ ನುಡಿಸಿದ ಕೆಲವೇ ರಾಗಗಳನ್ನು ಧ್ವನಿಮುದ್ರಿಸಿಕೊಂಡರು. ಅದೇ ವರ್ಷದ ಕೊನೆಗೆ ಆತ ತೀರಿಕೊಂಡ. ಚೀನಾದಲ್ಲಿ ಆ ಧ್ವನಿಮುದ್ರಿಕೆ ಕೇಳಿ ಕಣ್ಣೊರೆಸಿಕೊಳ್ಳದ ಹಿರಿಯರನ್ನು ನಾನು ಕಂಡಿಲ್ಲ. ನೆರೆಮನೆಯ ಆಯಿಯೂ ಒರೆಸಿಕೊಂಡಿದ್ದರು.

ಎರಡನೆಯ ವರ್ಷ ರಜೆಗೆ ಊರಿಗೆ ಬಂದಾಗ ಮೆಣಸು ಕೊಯ್ಲು ನಡೆದಿತ್ತು. ಕರೆಯಲ್ಲಿ, ಅಂದರೆ ಕಾಳಿನ ಗೊಂಚಲಿನಲ್ಲಿ, ಒಂದೆರಡು ಕಾಳು ಕೆಂಪಾದರೆ ಸಾಕು, ಇಡೀ ಕರೆ ಕೊಯ್ಯುವ ಹೊತ್ತು. ಅಂಗಳದಲ್ಲಿ ಹರವಿದ ಹಸಿರು ಕಾಳು ಬಿಸಿಲಿಗೆ ನಾಲ್ಕೈದು ದಿನದಲ್ಲಿ ಕಪ್ಪಗೆ ಸುಕ್ಕುಗಟ್ಟುತ್ತದೆ. “ಮೆಣ್ಸಿನ ಕಾಳಿಗೆ ಅಲ್ಲಿ ಎಂತ ಹೇಳ್ತ ತಮಾ?” ಎಂದು ಆಯಿ ಕೇಳಿದಳು. ಹೂಜಿಯಾವ್ ಎಂದೆ. “ಹೂವಾ?” ಎಂದು ಖುಷಿಯಾಗಿ ಇನ್ನೊಂದು ಹಿಡಿ ಚೀಲಕ್ಕೆ ಸುರಿದಳು. ಅರ್ಥ ಹೇಳಲಿಲ್ಲ. ಹೂ ಎಂದುಕೊಂಡಿದ್ದರೆ ಹೂವೇ ಇರಲಿ.

ಝೆಂಗ್‌ಝೌಗೆ ಮರಳಿ ಆ ಪೊಟ್ಟಣವನ್ನು ನೆರೆಮನೆಯ ಆಯಿಯ ಕೈಗಿಟ್ಟೆ. ಅವರು ಒಂದು ಕಾಳು ಹಲ್ಲಿನಡಿ ಕಚ್ಚಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ, ಮೂಗು ಕೆಂಪಾಯಿತು. “ನಿಮ್ಮ ಮನೆಯದಾ?” ಎಂದರು. ಹೌದು ಎಂದೆ. “ಅಮ್ಮನೇ ಒಣಗಿಸಿದ್ದಾ?” ಹೌದು. ಒಂದು ಗಾಜಿನ ಭರಣಿ ತೊಳೆದು ಒರೆಸಿ, ಕಾಳುಗಳನ್ನು ಅದಕ್ಕೆ ತುಂಬಿ, ಮೇಲೆ ಬಿಳಿ ಪಟ್ಟಿ ಅಂಟಿಸಿದರು. ಕನ್ನಡಕ ಹಾಕಿಕೊಂಡು ಪೆನ್ನು ಹಿಡಿದರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ: ಅಡ್ಡಗೆರೆ, ಉದ್ದಗೆರೆ, ಚೌಕ, ಆಮೇಲೆ ಬಲಗಡೆಯ ನಾಲ್ಕು. ಒಂಬತ್ತು ಗೆರೆ ಮುಗಿಸಿ ‘ಜಿಯಾವ್’ ಬರೆದರು. ಮತ್ತೆ ಏನೋ ಯೋಚಿಸಿ, ಅದರ ಕೆಳಗೆ ಸಣ್ಣದಾಗಿ ನನ್ನ ಹೆಸರನ್ನೂ ಬರೆದು ಭರಣಿಯನ್ನು ಒಲೆಯ ಪಕ್ಕ, ಕೈಗೆಟುಕುವಲ್ಲಿ ಇಟ್ಟರು.